ಒಸಿಆರ್ ಓದಿದ್ದನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಪ್ರಶ್ನೆ: ನಮ್ಮದು ಯಂತ್ರದ ಬಿಡಿಭಾಗಗಳನ್ನು ಮಾರುವ ಸಣ್ಣ ಕಂಪನಿ. ಹತ್ತಾರು ವರ್ಷದ ಬಿಲ್ಲು, ಡೆಲಿವರಿ ಚಲನ್, ಒಪ್ಪಂದ, ಪತ್ರ ವ್ಯವಹಾರ ಎಲ್ಲ ಕಪಾಟಿನಲ್ಲಿ ತುಂಬಿಕೊಂಡಿವೆ. ಕೆಲವು ಇಂಗ್ಲಿಷ್, ಕೆಲವು ಕನ್ನಡ, ಒಂದಷ್ಟು ಕೈಬರಹ. ಇದನ್ನೆಲ್ಲ ಸ್ಕ್ಯಾನ್ ಮಾಡಿ ಒಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಕಂಪ್ಯೂಟರ್ ಓದಿ ಪಠ್ಯ ಮಾಡುವುದು) ಮಾಡಿಕೊಡುತ್ತೇವೆ, ಶೇ 99ರಷ್ಟು ಸರಿಯಾಗಿ ಬರುತ್ತದೆ ಎಂದು ಒಬ್ಬರು ಹೇಳುತ್ತಿದ್ದಾರೆ. ಒಸಿಆರ್ ಹೇಗೆ ಕೆಲಸ ಮಾಡುತ್ತದೆ? ಆ ಶೇ 99ನ್ನು ನಂಬಬಹುದೇ? ಎಲ್ಲಿಂದ ಶುರು ಮಾಡಬೇಕು? ಮುಗಿದ ಮೇಲೆ ಕಾಗದವನ್ನು ಬಿಸಾಡಬಹುದೇ?

ಉತ್ತರ: ಮೊದಲು ಆ ಶೇ 99ರ ಮಾತು. ಅವರು ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಆದರೆ ಅದು ಯಾವುದರ ಲೆಕ್ಕ ಅಂತ ನೀವು ಕೇಳಲೇಬೇಕು. ಅಕ್ಷರಗಳದ್ದೋ, ಪದಗಳದ್ದೋ, ಇಡೀ ಬಿಲ್ಲಿನದ್ದೋ? ಸಾಮಾನ್ಯವಾಗಿ ಅದು ಅಕ್ಷರದ ಲೆಕ್ಕ. 100 ಅಕ್ಷರ ಓದಿದರೆ 99 ಸರಿ, ಒಂದು ತಪ್ಪು.

ಟೈಪ್ ಮಾಡಿದ ಒಂದು ಪುಟದಲ್ಲಿ 2,000 ಅಕ್ಷರ ಇದೆ ಅಂದುಕೊಳ್ಳಿ. ಅದರಲ್ಲಿ 20 ತಪ್ಪು ಉಳಿಯುತ್ತವೆ. ಪತ್ರವಾಗಿದ್ದರೆ ಪರವಾಗಿಲ್ಲ. ಓದಿದರೆ ಅರ್ಥವಾಗುತ್ತದೆ, ಹುಡುಕಿದರೆ ಹೆಚ್ಚು ಕಡಿಮೆ ಸಿಗುತ್ತದೆ. ಅದೇ ಲೆಕ್ಕವನ್ನು ಬಿಲ್ಲಿಗೆ ಹಾಕಿ ನೋಡಿ. ಬಿಲ್ ನಂಬರಿನಲ್ಲಿ 12 ಅಕ್ಷರ ಇದ್ದರೆ ಹನ್ನೆರಡೂ ಸರಿ ಬರಬೇಕು. 12 ಸಲ 0.99 ಬರೆದು ಎಲ್ಲವನ್ನೂ ಒಂದಕ್ಕೊಂದು ಗುಣಿಸಿದರೆ ಸುಮಾರು 0.886. ಅಂದರೆ 100 ಬಿಲ್ಲುಗಳಲ್ಲಿ 11ರ ನಂಬರ್ ತಪ್ಪಾಗಿರುತ್ತದೆ. ನಂಬರ್, ತಾರೀಕು, ಮೊತ್ತ, ತೆರಿಗೆ ಎಲ್ಲ ಸೇರಿ ಒಂದು ಬಿಲ್ಲಿನಿಂದ 120 ಅಕ್ಷರ ಎತ್ತಬೇಕು ಅಂದರೆ, ಪೂರ್ತಿ ಸರಿಯಾಗಿ ಬರುವ ಬಿಲ್ಲುಗಳು 100ಕ್ಕೆ 30 ಮಾತ್ರ. ಶೇ 99 ಎಂಬ ಅದೇ ಅಂಕಿಯಿಂದ ಬಂದ ಉತ್ತರ ಇದು.

ನಿಜದಲ್ಲಿ ತಪ್ಪುಗಳು ಹೀಗೆ ಸಮನಾಗಿ ಹರಡಿಕೊಳ್ಳುವುದಿಲ್ಲ. ಚೆನ್ನಾಗಿ ಅಚ್ಚಾದ ಪುಟದಲ್ಲಿ ಒಂದೂ ತಪ್ಪಿಲ್ಲದಿರಬಹುದು. ಮಸುಕಾದ, ಮಡಚಿದ, ಮೇಲೆ ಸೀಲ್ ಬಿದ್ದ ಪುಟದಲ್ಲಿ ನೂರಾರು ಇರಬಹುದು. ಹಾಗಾಗಿ ಸರಾಸರಿ ಅಂಕಿಯಿಂದ ನಿಮಗೆ ಹೆಚ್ಚು ಉಪಯೋಗವಿಲ್ಲ. ಯಾವ ಪುಟದಲ್ಲಿ, ಯಾವ ಜಾಗದಲ್ಲಿ ತಪ್ಪಿದೆ ಅನ್ನುವುದನ್ನು ಹಿಡಿಯುವ ದಾರಿ ಬೇಕು. ಈ ಉತ್ತರದ ಬಹುಪಾಲು ಅದರ ಬಗ್ಗೆಯೇ ಇದೆ.

ಈಗ ಒಸಿಆರ್ ಏನು ಮಾಡುತ್ತದೆ ನೋಡೋಣ. ಸ್ಕ್ಯಾನರ್ ಕೊಡುವುದು ಬರೀ ಚಿತ್ರ. ಎ4 ಹಾಳೆಯನ್ನು 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಅಗಲಕ್ಕೆ 2,480, ಉದ್ದಕ್ಕೆ 3,508 ಚುಕ್ಕೆ ಬರುತ್ತವೆ. ಒಟ್ಟು ಸುಮಾರು 87 ಲಕ್ಷ. ಕಂಪ್ಯೂಟರಿಗೆ ಬಿಲ್ಲಿನ ಚಿತ್ರವೂ ಒಂದೇ, ಮರದ ಫೋಟೊವೂ ಒಂದೇ. ಆ ಚುಕ್ಕೆಗಳಲ್ಲಿ ಅಕ್ಷರ ಯಾವುದು ಅಂತ ಊಹಿಸಿ ಪಠ್ಯವಾಗಿ ಬರೆಯುವುದು ಒಸಿಆರ್ ಕೆಲಸ. ಊಹೆ ಅಂತ ಬೇಕೆಂದೇ ಹೇಳುತ್ತಿದ್ದೇನೆ. ಎಷ್ಟೇ ಒಳ್ಳೆಯ ಸಾಫ್ಟ್‌ವೇರ್ ಆದರೂ ಅದು ಕೊಡುವುದು ಅದರ ಅತ್ಯುತ್ತಮ ಊಹೆಯನ್ನು.

ಊಹೆಗೆ ಮುಂಚೆ ಒಂದಷ್ಟು ಸಿದ್ಧತೆ ನಡೆಯುತ್ತದೆ. ಓರೆಯಾದ ಪುಟವನ್ನು ನೇರ ಮಾಡುತ್ತದೆ. ಕಲೆ, ಚುಕ್ಕೆಗಳನ್ನು ತೆಗೆಯುತ್ತದೆ. ಯಾವ ಚುಕ್ಕೆ ಶಾಯಿ, ಯಾವುದು ಕಾಗದ ಅಂತ ಬೇರೆ ಮಾಡುತ್ತದೆ. ಈ ಕೊನೆಯ ಕೆಲಸಕ್ಕೆ ಜಪಾನಿನ ನೊಬುಯುಕಿ ಒತ್ಸು 1979ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಅದು ಇಡೀ ಪುಟಕ್ಕೆ ಒಂದೇ ಗಡಿ ಹಾಕುತ್ತದೆ. ಈ ಗಡಿಗಿಂತ ಕಪ್ಪಾದದ್ದು ಶಾಯಿ, ಬೆಳ್ಳಗಿರುವುದು ಕಾಗದ. ಪುಟದ ಒಂದು ಮೂಲೆಗೆ ನೆರಳು ಬಿದ್ದಿದ್ದರೆ ಆ ಮೂಲೆ ಇಡಿಯಾಗಿ ಶಾಯಿ ಅನ್ನಿಸಿಕೊಂಡುಬಿಡುತ್ತದೆ. ಅದಕ್ಕೇ ಜಾಗದಿಂದ ಜಾಗಕ್ಕೆ ಗಡಿ ಬದಲಿಸುವ ವಿಧಾನಗಳೂ ಬಂದಿವೆ. ಮೊಬೈಲ್ ಫೋಟೊಗಳಿಗೆ ಅಂಥವೇ ಬೇಕು.

ಆಮೇಲೆ ಪುಟದ ವಿನ್ಯಾಸ ಗುರುತಿಸುವ ಹಂತ. ಎಲ್ಲಿ ಕಾಲಂ, ಎಲ್ಲಿ ಕೋಷ್ಟಕ, ಎಲ್ಲಿ ಲೋಗೊ, ಯಾವ ಸಾಲು ಮೊದಲು. ವ್ಯವಹಾರದ ಕಾಗದಗಳಲ್ಲಿ ಜಾಸ್ತಿ ಎಡವಟ್ಟಾಗುವುದು ಇಲ್ಲೇ. ಅಕ್ಷರವೆಲ್ಲ ಸರಿಯಾಗಿ ಓದಿರುತ್ತದೆ. ಆದರೆ ಮೂರನೇ ವಸ್ತುವಿನ ಬೆಲೆ ಎರಡನೇ ವಸ್ತುವಿನ ಮುಂದೆ ಕೂತಿರುತ್ತದೆ. ವಸ್ತುವಿನ ವಿವರ ಎರಡು ಸಾಲಿಗೆ ಇಳಿದರೆ ಸಾಕು, ಕೆಳಗಿನ ಸಾಲುಗಳೆಲ್ಲ ಒಂದೊಂದು ಮನೆ ಜಾರಿಬಿಡುತ್ತವೆ. ಅಕ್ಷರ ಮಾತ್ರ ಎಣಿಸುವ ಲೆಕ್ಕದಲ್ಲಿ ಇದು ತಪ್ಪೆಂದು ಕಾಣುವುದೇ ಇಲ್ಲ.

ಕೊನೆಗೆ ಅಕ್ಷರ ಗುರುತಿಸುವುದು. ಹಳೆಯ ಸಾಫ್ಟ್‌ವೇರ್‌ಗಳು ಒಂದೊಂದು ಅಕ್ಷರವನ್ನೂ ಕತ್ತರಿಸಿ, ಅದರ ಆಕಾರವನ್ನು ತಮಗೆ ಗೊತ್ತಿರುವ ಆಕಾರಗಳ ಜೊತೆ ಹೋಲಿಸುತ್ತಿದ್ದವು. ಎರಡು ಅಕ್ಷರ ಅಂಟಿಕೊಂಡಿದ್ದರೆ ಕೆಲಸ ಕೆಡುತ್ತಿತ್ತು. ಈಗಿನವು ಇಡೀ ಸಾಲನ್ನು ಒಟ್ಟಿಗೆ ನೋಡುತ್ತವೆ. ಎಲ್ಲರಿಗೂ ಉಚಿತವಾಗಿ ಸಿಗುವ ಟೆಸರಾಕ್ಟ್ ಈ ಬದಲಾವಣೆಗೆ ಒಳ್ಳೆಯ ಉದಾಹರಣೆ. ಅದು 1985ರಿಂದ 1994ರವರೆಗೆ ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ ಬೆಳೆಯಿತು. 2005ರಲ್ಲಿ ಮುಕ್ತ ತಂತ್ರಾಂಶವಾಯಿತು. ಆಮೇಲೆ ಗೂಗಲ್ ಅದರ ಬೆನ್ನಿಗೆ ನಿಂತಿತು. 2018ರ ನಾಲ್ಕನೇ ಆವೃತ್ತಿಯಲ್ಲಿ ಉದಾಹರಣೆಗಳಿಂದ ಕಲಿತು ಸಾಲನ್ನೇ ಓದುವ ನ್ಯೂರಲ್ ನೆಟ್‌ವರ್ಕ್ ಬಂತು. ಕನ್ನಡವನ್ನೂ ಅದು ಓದುತ್ತದೆ.

ಸಾಲನ್ನು ಒಟ್ಟಿಗೆ ಓದುವುದರಿಂದ ಒಂದು ಲಾಭವಿದೆ. ಒಂದು ಅಕ್ಷರ ಮಸುಕಾಗಿದ್ದರೂ ಅಕ್ಕಪಕ್ಕದ ಅಕ್ಷರಗಳಿಂದ ಪದ ಹೊಳೆಯುತ್ತದೆ. ನಾವೂ ಹಾಗೇ ಓದುತ್ತೇವೆ, ಅಲ್ವಾ? ಆದರೆ ಈ ಲಾಭ ಪದಗಳಿಗೆ ಮಾತ್ರ. ಅಂಕಿಗೆ ನಿಘಂಟು ಇಲ್ಲ. 48,350 ಆಗಬಹುದು, 43,350 ಕೂಡ ಆಗಬಹುದು. ಎರಡೂ ನೋಡುವುದಕ್ಕೆ ಸರಿಯಾಗೇ ಇವೆ. ಪದದಲ್ಲಿ ತಪ್ಪಾದರೆ ಓದುವವರಿಗೆ ಗೊತ್ತಾಗುತ್ತದೆ. ಅಂಕಿಯಲ್ಲಿ ತಪ್ಪಾದರೆ ಯಾರಿಗೂ ಗೊತ್ತಾಗುವುದಿಲ್ಲ. ವ್ಯವಹಾರದ ಕಾಗದಗಳಲ್ಲಿ ಮುಖ್ಯವಾದದ್ದೆಲ್ಲ ಅಂಕಿಯೇ. ನಿಮ್ಮ ಕೆಲಸ ಕಾದಂಬರಿ ಸ್ಕ್ಯಾನ್ ಮಾಡುವುದಕ್ಕಿಂತ ಕಷ್ಟವಾಗುವುದು ಇದೇ ಕಾರಣಕ್ಕೆ.

ಬಿಲ್ ನಂಬರಿನಂಥವು ಇನ್ನೂ ಕಷ್ಟ. ಅಲ್ಲಿ ಅಕ್ಷರ, ಅಂಕಿ ಬೆರೆತಿರುತ್ತವೆ. ಸೊನ್ನೆ ಇಂಗ್ಲಿಷಿನ ಓ ಆಗುತ್ತದೆ. 1 ಹೋಗಿ ಐ ಅಥವಾ ಎಲ್ ಬರುತ್ತದೆ. 5 ಎಸ್ ಆಗುತ್ತದೆ, 8 ಬಿ ಆಗುತ್ತದೆ. 1960ರ ದಶಕದಲ್ಲಿ ಇದಕ್ಕೆ ತಲೆಕೆಳಗಾದ ಪರಿಹಾರ ಹುಡುಕಿದ್ದರು. ಯಂತ್ರವನ್ನು ಬದಲಿಸುವ ಬದಲು ಅಕ್ಷರಗಳನ್ನೇ ಯಂತ್ರಕ್ಕೆ ಹೊಂದಿಸಿದರು. 1968ರಲ್ಲಿ ಆಡ್ರಿಯನ್ ಫ್ರುಟಿಗರ್ ರೂಪಿಸಿದ ಒಸಿಆರ್-ಬಿ ಅಂಥ ಫಾಂಟ್. ಪಾಸ್‌ಪೋರ್ಟಿನ ಫೋಟೊ ಪುಟದ ಕೆಳಗೆ ಎರಡು ಸಾಲು ಇರುತ್ತವಲ್ಲ, ಅವು ಇಂದಿಗೂ ಅದೇ ಫಾಂಟಿನಲ್ಲಿವೆ. ಮುಂದೆ ನಿಮ್ಮದೇ ಚಲನ್ ಅಚ್ಚು ಹಾಕಿಸುವಾಗ ಇದನ್ನು ನೆನಪಿಡಿ. ಒಂದು ಮೂಲೆಯಲ್ಲಿ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಹಾಕಿಸಿ ಅದರಲ್ಲಿ ನಂಬರ್, ತಾರೀಕು ತುಂಬಿಸಿ. ಕ್ಯೂಆರ್ ಕೋಡಿನಲ್ಲಿ ತಪ್ಪು ತಿದ್ದುವ ವ್ಯವಸ್ಥೆ ಒಳಗೇ ಇದೆ. ಸ್ವಲ್ಪ ಹರಿದರೂ, ಕಲೆಯಾದರೂ ಸರಿಯಾಗಿ ಓದಬಹುದು. ಹೊಸ ಕಾಗದಗಳ ಮಟ್ಟಿಗೆ ಊಹೆಯ ಗೊಡವೆಯೇ ಇರುವುದಿಲ್ಲ.

ಇನ್ನು ಸ್ಕ್ಯಾನಿಂಗ್. ಇದಕ್ಕೆ ಕೊಟ್ಟ ಗಮನ ವ್ಯರ್ಥವಾಗುವುದಿಲ್ಲ. ಸಾಫ್ಟ್‌ವೇರ್ ಯಾವುದು ಅಂತ ತಿಂಗಳುಗಟ್ಟಲೆ ಯೋಚಿಸುವವರು ಸ್ಕ್ಯಾನರಿನ ಗಾಜು ಒರೆಸುವುದನ್ನು ಮರೆಯುತ್ತಾರೆ. ಹಾಳೆಗಳನ್ನು ಒಂದೊಂದಾಗಿ ಎಳೆದುಕೊಳ್ಳುವ ಫೀಡರಿನ ಗಾಜಿನ ಮೇಲೆ ಒಂದು ಧೂಳಿನ ಕಣ ಕೂತರೆ ಆ ಬ್ಯಾಚಿನ ಪ್ರತಿ ಪುಟದಲ್ಲೂ ಮೇಲಿಂದ ಕೆಳಗೆ ಒಂದು ಸಣ್ಣ ಗೆರೆ ಬೀಳುತ್ತದೆ. ಆ ಗೆರೆ ಅಂಕಿಗಳ ಕಾಲಂ ಮೇಲೆ ಬಿದ್ದರೆ ಹೆಚ್ಚುವರಿ 1 ಹುಟ್ಟಿಕೊಳ್ಳಬಹುದು. ಪ್ರತಿ ಬ್ಯಾಚಿಗೂ ಮುಂಚೆ ಗಾಜು ಒರೆಸಿ. ಸ್ಟೇಪ್ಲರ್ ಪಿನ್ ತೆಗೆಸಿ, ಮಡಿಕೆ ಬಿಡಿಸಿ.

ರೆಸಲ್ಯೂಶನ್ 300 ಡಿಪಿಐ ಇರಲಿ. ಇದಕ್ಕೆ ಕಾರಣವಿದೆ. 10 ಪಾಯಿಂಟ್ ಅಕ್ಷರಕ್ಕೆ 300 ಡಿಪಿಐನಲ್ಲಿ ಸುಮಾರು 42 ಚುಕ್ಕೆಗಳ ಎತ್ತರ ಸಿಗುತ್ತದೆ. ಅದರಲ್ಲಿ ಇಂಗ್ಲಿಷಿನ ಸಣ್ಣಕ್ಷರದ ಮೈ ಸುಮಾರು 20 ಚುಕ್ಕೆ. 150 ಡಿಪಿಐನಲ್ಲಿ ಅದೇ 10 ಚುಕ್ಕೆಗೆ ಇಳಿಯುತ್ತದೆ. 3ಕ್ಕೂ 8ಕ್ಕೂ ವ್ಯತ್ಯಾಸ ಹೇಳುವುದಕ್ಕೆ ಒಂದೆರಡು ಚುಕ್ಕೆಯಷ್ಟೇ ಉಳಿದಿರುತ್ತದೆ. ಅಕ್ಷರ ತೀರಾ ಸಣ್ಣದಾಗಿದ್ದರೆ 400 ಒಳ್ಳೆಯದು. ಅದಕ್ಕಿಂತ ಮೇಲೆ ಹೋದರೆ ಫೈಲ್ ದೊಡ್ಡದಾಗುತ್ತದೆ, ಓದು ಅಷ್ಟೇನೂ ಸುಧಾರಿಸುವುದಿಲ್ಲ. 150ರಲ್ಲಿ ಸ್ಕ್ಯಾನ್ ಮಾಡಿ ಆಮೇಲೆ 300ಕ್ಕೆ ಹಿಗ್ಗಿಸಿ ಕೊಡುವವರೂ ಇದ್ದಾರೆ. ಹಿಗ್ಗಿಸಿದರೆ ಕಳೆದುಹೋದ ವಿವರ ವಾಪಸ್ ಬರುವುದಿಲ್ಲ.

ಬಣ್ಣದಲ್ಲೋ ಗ್ರೇಸ್ಕೇಲಿನಲ್ಲೋ (ಬೂದು ಬಣ್ಣದ ಛಾಯೆಗಳಲ್ಲಿ) ಸ್ಕ್ಯಾನ್ ಮಾಡಿಸಿ. ಬರೀ ಕಪ್ಪು ಬಿಳುಪು ಬೇಡ. ಕಪ್ಪು ಬಿಳುಪಿನಲ್ಲಿ ಶಾಯಿ ಯಾವುದು, ಕಾಗದ ಯಾವುದು ಅಂತ ಸ್ಕ್ಯಾನರ್ ಅಲ್ಲೇ ತೀರ್ಮಾನ ಮಾಡಿಬಿಡುತ್ತದೆ. ಆ ತೀರ್ಮಾನ ತಪ್ಪಾದರೆ ತಿದ್ದುವ ದಾರಿಯಿಲ್ಲ. ಬಣ್ಣ ಉಳಿದಿದ್ದರೆ ಮೊತ್ತದ ಮೇಲೆ ಬಿದ್ದ ನೇರಳೆ ಸೀಲನ್ನು ಸಾಫ್ಟ್‌ವೇರ್ ಬೇರೆ ಮಾಡಬಹುದು. ಕಾರ್ಬನ್ ಪ್ರತಿ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟ್, ಥರ್ಮಲ್ ರಸೀದಿಗಳಿಗಂತೂ ಇದು ಬೇಕೇ ಬೇಕು. ಥರ್ಮಲ್ ಕಾಗದದ ಬರಹ ಬಿಸಿಲು, ಬಿಸಿಗೆ ಮಾಸಿಹೋಗುತ್ತದೆ. ಹಾಗಾಗಿ ಕಪಾಟಿನಲ್ಲಿ ಯಾವುದಾದರೂ ಅವಸರದ ಕೆಲಸವಿದೆ ಅಂದರೆ ಅದು ಈ ರಸೀದಿಗಳೇ. ಅವನ್ನು ಮೊದಲು ಸ್ಕ್ಯಾನ್ ಮಾಡಿಸಿ, ಓದಿಸುವುದು ಆಮೇಲೆ ನೋಡಿಕೊಳ್ಳಬಹುದು.

ಫೈಲ್ ಚಿಕ್ಕದು ಮಾಡುವ ವಿಷಯದಲ್ಲೂ ಎಚ್ಚರ ಬೇಕು. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ವಿಜ್ಞಾನಿ ಒಂದು ಆಘಾತದ ವಿಷಯ ಬಯಲಿಗೆ ತಂದರು. ಕಟ್ಟಡದ ನಕ್ಷೆಯೊಂದನ್ನು ಜೆರಾಕ್ಸ್ ಕಂಪನಿಯ ವರ್ಕ್‌ಸೆಂಟರ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿದರೆ ಕೋಣೆಗಳ ಅಳತೆಯೇ ಬದಲಾಗುತ್ತಿತ್ತು. 21.11 ಮತ್ತು 17.42 ಚದರ ಮೀಟರ್ ಇದ್ದ ಕೋಣೆಗಳೂ 14.13 ಆಗಿ ಬರುತ್ತಿದ್ದವು. ಒಸಿಆರ್ ಆನ್ ಕೂಡ ಆಗಿರಲಿಲ್ಲ. ಜೆಬಿಐಜಿ2 ಎಂಬ ಕುಗ್ಗಿಸುವ ವಿಧಾನ ಒಂದೇ ತರಹ ಕಾಣುವ ತುಣುಕುಗಳನ್ನು ಹುಡುಕಿ, ಒಂದನ್ನೇ ಉಳಿಸಿಕೊಂಡು ಎಲ್ಲ ಕಡೆ ಅಂಟಿಸುತ್ತಿತ್ತು. 6 ಇದ್ದಲ್ಲಿ ಅಚ್ಚುಕಟ್ಟಾದ 8 ಬಂದು ಕೂರುತ್ತಿತ್ತು. ಕಂಪನಿ ಆಮೇಲೆ ತಿದ್ದುಪಡಿ ಬಿಡುಗಡೆ ಮಾಡಿತು. ಈ ಪ್ರಸಂಗ ಯಾಕೆ ಹೇಳಿದೆ ಅಂದರೆ, ಚಿತ್ರವೇ ತಪ್ಪಾದರೆ ನಂತರ ಯಾವ ಪರಿಶೀಲನೆಯೂ ಸಹಾಯಕ್ಕೆ ಬರುವುದಿಲ್ಲ. ನಿಮ್ಮ ಸ್ಕ್ಯಾನಿಂಗಿನವರಿಗೆ ಸ್ಪಷ್ಟವಾಗಿ ಹೇಳಿ: ಮೂಲ ಚಿತ್ರ ಒಂದು ಚುಕ್ಕೆಯೂ ಬದಲಾಗದ, ನಷ್ಟವಿಲ್ಲದ ರೂಪದಲ್ಲಿ ಬೇಕು, ಇಲ್ಲವೇ ಉತ್ತಮ ಗುಣಮಟ್ಟದ ಜೆಪೆಗ್‌ನಲ್ಲಿ ಬೇಕು.

ಕೆಲವು ಕಾಗದಗಳಿಗೆ ಒಸಿಆರ್ ಬೇಕೇ ಆಗುವುದಿಲ್ಲ. ಇಮೇಲಿನಲ್ಲಿ ಬಂದ ಪಿಡಿಎಫ್ ಬಿಲ್ಲುಗಳಲ್ಲಿ ಪಠ್ಯ ಆಗಲೇ ಇರುತ್ತದೆ. ತೆರೆದು ಮೌಸ್‌ನಿಂದ ಒಂದು ಸಾಲು ಆಯ್ಕೆ ಮಾಡಿ, ಕಾಪಿ ಮಾಡಿ, ಬೇರೆಡೆ ಪೇಸ್ಟ್ ಮಾಡಿ ನೋಡಿ. ಸರಿಯಾಗಿ ಬಂದರೆ ಅದನ್ನೇ ಬಳಸಿ. ಅಂಥದ್ದನ್ನು ಪ್ರಿಂಟ್ ತೆಗೆದು ಮತ್ತೆ ಸ್ಕ್ಯಾನ್ ಮಾಡಿ ಓದಿಸುವುದು ಸುಮ್ನೆ ತಪ್ಪುಗಳನ್ನು ಕರೆದು ತಂದಂತೆ. ಆದರೆ ಹಳೆಯ ಕನ್ನಡ ಪಿಡಿಎಫ್‌ಗಳಲ್ಲಿ ಇದು ಉಲ್ಟಾ ಆಗುತ್ತದೆ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಮಾಡಿದ ಫೈಲ್ ಕಣ್ಣಿಗೆ ಚೆಂದದ ಕನ್ನಡವಾಗಿ ಕಾಣುತ್ತದೆ. ಕಾಪಿ ಮಾಡಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಬರುತ್ತದೆ. ಅಂಥ ಫೈಲಿಗೆ ಕನ್ವರ್ಟರ್ ಬಳಸಬೇಕು. ಇಲ್ಲವೇ ಚಿತ್ರ ಮಾಡಿಕೊಂಡು ಒಸಿಆರ್ ಮಾಡಿಸಬೇಕು.

ಕನ್ನಡದ ಮಾತು ಬಂತಲ್ಲ, ಅದರ ಕಷ್ಟಗಳನ್ನೂ ಹೇಳಿಬಿಡುತ್ತೇನೆ. ಇಂಗ್ಲಿಷಿನಲ್ಲಿ ದೊಡ್ಡದು ಚಿಕ್ಕದು ಸೇರಿ 52 ಆಕಾರ. ಕನ್ನಡದಲ್ಲಿ ಗುಣಿತ, ಒತ್ತಕ್ಷರ ಸೇರಿದರೆ ಆಕಾರಗಳು ಸಾವಿರಗಟ್ಟಲೆ. ಒತ್ತಕ್ಷರ ಸಾಲಿನ ಕೆಳಗೆ, ಸಣ್ಣ ಗಾತ್ರದಲ್ಲಿ ಕೂರುತ್ತದೆ. ಸಾಲುಗಳು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು ಅಷ್ಟೇ. ಮಸುಕಾದ ಪ್ರಿಂಟಿನಲ್ಲಿ ಮೊದಲು ಮಾಯವಾಗುವುದೇ ಅದು. ಕನ್ನಡದ ಸೊನ್ನೆಗೂ ಅನುಸ್ವಾರಕ್ಕೂ ಆಕಾರದಲ್ಲಿ ವ್ಯತ್ಯಾಸವಿಲ್ಲ. ಹಾಗಾಗಿ ಕನ್ನಡ ಪುಟಗಳಿಗೆ 400 ಡಿಪಿಐ ಇಡಿಸಿ. ಎರಡೂ ಭಾಷೆ ಬೆರೆತ ಪುಟಕ್ಕೆ ಸಾಫ್ಟ್‌ವೇರಿನಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಆರಿಸಿ. ಇರಲಿ ಅಂತ ಬೇಡದ ಭಾಷೆಗಳನ್ನೂ ಸೇರಿಸಿದರೆ ಗೊಂದಲ ಜಾಸ್ತಿಯಾಗುತ್ತದೆ. ಶೇ 99 ಅನ್ನುವ ಮಾತು ಇಂಗ್ಲಿಷಿನದ್ದೋ ಕನ್ನಡದ್ದೋ ಅಂತಲೂ ಕೇಳಿ.

ಕೈಬರಹ ಬೇರೆಯೇ ಲೋಕ. ಬಾಕ್ಸಿನಲ್ಲಿ ಒಂದೊಂದೇ ಬರೆದ ಅಂಕಿಗಳನ್ನು ಯಂತ್ರ ಚೆನ್ನಾಗಿ ಓದುತ್ತದೆ. ಕೂಡಿಸಿ ಗೀಚಿದ ಬರಹದಲ್ಲಿ, ಅದರಲ್ಲೂ ಕನ್ನಡದಲ್ಲಿ, ಅದರ ಓದನ್ನು ನೇರವಾಗಿ ಲೆಕ್ಕಕ್ಕೆ ಸೇರಿಸುವ ಧೈರ್ಯ ಮಾಡಬೇಡಿ. ನನ್ನ ಸಲಹೆ: ಚಿತ್ರ ಉಳಿಸಿ, ತಾರೀಕು, ಹೆಸರು, ಮೊತ್ತ ಈ ಮೂರನ್ನು ಜನರಿಂದ ಟೈಪ್ ಮಾಡಿಸಿ.

ಈಗ ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೆ ಬರೋಣ. ಕಾಗದಗಳನ್ನು ಎರಡು ರಾಶಿ ಮಾಡಿ. ಹುಡುಕಿದಾಗ ಸಿಕ್ಕರೆ ಸಾಕು ಅನ್ನುವಂಥವು ಒಂದು ಕಡೆ. ಅದರ ಅಂಕಿಗಳು ಲೆಕ್ಕದ ಸಾಫ್ಟ್‌ವೇರಿಗೆ ಹೋಗಬೇಕು ಅನ್ನುವಂಥವು ಇನ್ನೊಂದು ಕಡೆ. ಪತ್ರ ವ್ಯವಹಾರ, ಒಪ್ಪಂದ, ಹಳೆಯ ಚಲನ್ ಎಲ್ಲ ಮೊದಲ ರಾಶಿಗೆ. ನನ್ನ ಅಂದಾಜಿನಲ್ಲಿ ನಿಮ್ಮ ಕಪಾಟಿನ ಬಹುಪಾಲು ಅಲ್ಲೇ ಹೋಗುತ್ತದೆ. ಹತ್ತು ವರ್ಷ ಹಳೆಯ ಬಿಲ್ಲಿನ ಪ್ರತಿ ಸಾಲನ್ನೂ ಎಕ್ಸೆಲ್‌ಗೆ ಇಳಿಸಿ ಯಾರಿಗೆ ಏನು ಉಪಯೋಗ? ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿಕೊಂಡರೆ ಕೆಲಸ ಅರ್ಧಕ್ಕರ್ಧ ಇಳಿಯಬಹುದು.

ಮೊದಲ ರಾಶಿಗೆ ಸರ್ಚ್ ಮಾಡಬಹುದಾದ ಪಿಡಿಎಫ್ ಸಾಕು. ಅದರಲ್ಲಿ ಕಣ್ಣಿಗೆ ಕಾಣುವುದು ಸ್ಕ್ಯಾನ್ ಮಾಡಿದ ಚಿತ್ರವೇ. ಒಸಿಆರ್ ಓದಿದ ಪಠ್ಯ ಕಾಣದಂತೆ ಅದರ ಜೊತೆಗೇ ಕೂತಿರುತ್ತದೆ. ಹುಡುಕುವಾಗ ಪಠ್ಯ ಕೆಲಸ ಮಾಡುತ್ತದೆ, ಓದುವಾಗ ಚಿತ್ರ ಕಾಣುತ್ತದೆ. ಪಠ್ಯದಲ್ಲಿ ತಪ್ಪಿದ್ದರೂ ಯಾರೂ ಮೋಸ ಹೋಗುವುದಿಲ್ಲ. ಒಂದೇ ಷರತ್ತು, ಹುಡುಕಾಟವನ್ನು ಪಠ್ಯಕ್ಕೆ ಮಾತ್ರ ಬಿಡಬೇಡಿ. ಫೈಲಿನ ಹೆಸರಿನಲ್ಲಿ ತಾರೀಕು, ಪಾರ್ಟಿಯ ಹೆಸರು, ಕಾಗದದ ಬಗೆ ಇರಲಿ. ಅದನ್ನು ಜನರೇ ಹಾಕಲಿ.

ಎರಡನೇ ರಾಶಿಯಲ್ಲಿ ಇನ್ನೊಂದು ಹಂತವಿದೆ. ಒಸಿಆರ್ ಕೊಡುವುದು ಪದಗಳನ್ನು, ಮತ್ತು ಪ್ರತಿ ಪದ ಪುಟದ ಯಾವ ಜಾಗದಲ್ಲಿದೆ ಅನ್ನುವುದನ್ನು. ಅದರಲ್ಲಿ ಬಿಲ್ ನಂಬರ್ ಯಾವುದು, ಒಟ್ಟು ಮೊತ್ತ ಯಾವುದು ಅಂತ ಗುರುತಿಸುವುದು ಬೇರೆ ಕೆಲಸ. ಒಬ್ಬರೇ ಸರಬರಾಜುದಾರರಿಂದ ರಾಶಿ ಬಿಲ್ಲು ಬಂದಿದ್ದರೆ, ಈ ಮೂಲೆಯಲ್ಲಿ ನಂಬರ್ ಇದೆ, ಈ ಜಾಗದಲ್ಲಿ ಮೊತ್ತ ಇದೆ ಅಂತ ಒಂದು ಟೆಂಪ್ಲೇಟ್ ಮಾಡಿದರೆ ಸಾಕು. ನೂರಾರು ತರಹದ ಬಿಲ್ಲಿದ್ದರೆ ಉದಾಹರಣೆಗಳಿಂದ ಕಲಿಯುವ ಸಾಫ್ಟ್‌ವೇರ್ ಬೇಕು. ಇಲ್ಲಿ ಓದು ಸರಿಯಾಗಿದ್ದೂ ಅರ್ಥ ತಪ್ಪಬಹುದು. 03/04/2019 ಎನ್ನುವುದು ಏಪ್ರಿಲ್ 3 ಆಗಬಹುದು, ಮಾರ್ಚ್ 4 ಕೂಡ ಆಗಬಹುದು. ಕೆಲವು ದೇಶಗಳ ಬಿಲ್ಲಿನಲ್ಲಿ 1.250 ಅಂದರೆ ಸಾವಿರದ ಇನ್ನೂರ ಐವತ್ತು. ಯಾವ ಪಾರ್ಟಿ ಯಾವ ಪದ್ಧತಿ ಬಳಸುತ್ತದೆ ಅಂತ ಮೊದಲೇ ಬರೆದಿಟ್ಟುಕೊಳ್ಳಬೇಕು.

ತಪ್ಪು ಹಿಡಿಯುವ ದಾರಿ ಬೇಕು ಅಂದೆನಲ್ಲ, ಈಗ ಅದು. ವ್ಯವಹಾರದ ಕಾಗದಕ್ಕೆ ಒಂದು ದೊಡ್ಡ ಅನುಕೂಲವಿದೆ. ಅದರೊಳಗೇ ಒಂದೇ ವಿಷಯ ಎರಡು ಮೂರು ರೂಪದಲ್ಲಿ ಇರುತ್ತದೆ. ಸಂಖ್ಯೆಯನ್ನು ದರದಿಂದ ಗುಣಿಸಿದರೆ ಸಾಲಿನ ಮೊತ್ತ ಬರಬೇಕು. ಸಾಲುಗಳನ್ನು ಕೂಡಿದರೆ ಉಪಮೊತ್ತ ಬರಬೇಕು. ತೆರಿಗೆ ಸೇರಿಸಿದರೆ ಒಟ್ಟು ಬರಬೇಕು. ಅಕ್ಷರದಲ್ಲಿ ಬರೆದ ಮೊತ್ತ ಅಂಕಿಗೆ ಹೊಂದಬೇಕು. 48,350 ಎನ್ನುವುದನ್ನು 43,350 ಅಂತ ಓದಿದ್ದರೆ ಕೂಡುವ ಲೆಕ್ಕದಲ್ಲಿ 5,000 ವ್ಯತ್ಯಾಸ ಬಂದು ಸಿಕ್ಕಿಬೀಳುತ್ತದೆ. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಡ, ಎಕ್ಸೆಲ್ ಸೂತ್ರ ಸಾಕು. ಸಾಲಿನ ಸಂಖ್ಯೆ, ದರಗಳನ್ನೂ ಓದಿಸಬೇಕು ಅಂತ ನಾನು ಹೇಳುವುದು ಇದಕ್ಕೇ. ಅವು ನಿಮಗೆ ಬೇಡದಿದ್ದರೂ ಒಟ್ಟು ಮೊತ್ತಕ್ಕೆ ಸಾಕ್ಷಿಯಾಗಿ ಬೇಕು.

ಕೆಲವು ನಂಬರುಗಳಲ್ಲಿ ಕೊನೆಯ ಅಂಕಿ ಪರಿಶೀಲನೆಗೆಂದೇ ಇರುತ್ತದೆ. ಐಬಿಎಂನ ಹ್ಯಾನ್ಸ್ ಪೀಟರ್ ಲೂನ್ 1960ರಲ್ಲಿ ಪೇಟೆಂಟ್ ಪಡೆದ ಸೂತ್ರವನ್ನು ಇಂದು ಕ್ರೆಡಿಟ್ ಕಾರ್ಡ್ ನಂಬರುಗಳಲ್ಲಿ ಬಳಸುತ್ತಾರೆ. ಯಾವುದೇ ಒಂದು ಅಂಕಿ ತಪ್ಪಾದರೂ ಅದು ಹಿಡಿಯುತ್ತದೆ. ಪಾಸ್‌ಪೋರ್ಟ್ ಸಾಲುಗಳಲ್ಲೂ ಇಂಥದ್ದೇ ಅಂಕಿಗಳಿವೆ. ನಿಮ್ಮ ಕಾಗದಗಳಲ್ಲಿರುವ ತೆರಿಗೆ ನೋಂದಣಿ ನಂಬರ್, ಬ್ಯಾಂಕ್ ಖಾತೆ ನಂಬರುಗಳಲ್ಲಿ ಇಂಥ ಅಂಕಿ ಇದೆಯೇ ಅಂತ ವಿಚಾರಿಸಿ. ಇದ್ದರೆ ಬಳಸಿಕೊಳ್ಳಿ.

ಮೂರನೆಯದು ನಿಮ್ಮದೇ ಪಟ್ಟಿ. ಸರಬರಾಜುದಾರರ ಹೆಸರು, ವಸ್ತುಗಳ ಕೋಡ್, ಆರ್ಡರ್ ನಂಬರ್ ಎಲ್ಲ ನಿಮ್ಮ ಬಳಿ ಆಗಲೇ ಇವೆ. ಓದಿದ ಹೆಸರು ಪಟ್ಟಿಯ ಒಂದು ಹೆಸರಿಗಿಂತ ಒಂದೆರಡು ಅಕ್ಷರ ಮಾತ್ರ ಬೇರೆಯಾಗಿದ್ದರೆ ಅದೇ ಇರಬೇಕು. ಇದನ್ನು ಅಳೆಯುವ ಲೆಕ್ಕವನ್ನು ರಷ್ಯಾದ ವ್ಲಾಡಿಮಿರ್ ಲೆವೆನ್‌ಸ್ಟೈನ್ 1965ರಲ್ಲೇ ಕೊಟ್ಟರು. ಹೆಸರಿಗೆ ಇದು ಚೆನ್ನಾಗಿ ನಡೆಯುತ್ತದೆ. ಕೋಡ್ ನಂಬರಿಗೆ ಬಳಸಬೇಡಿ. ಅಲ್ಲಿ ಒಂದು ಅಂಕಿ ಬೇರೆ ಅಂದರೆ ಬೇರೆಯೇ ವಸ್ತು.

ಒಸಿಆರ್ ಸಾಫ್ಟ್‌ವೇರ್ ಪ್ರತಿ ಪದಕ್ಕೂ ಎಷ್ಟು ಖಚಿತ ಅಂತ ಒಂದು ಅಂಕಿ ಕೊಡುತ್ತದೆ. 95 ಅಂದರೆ ನೂರಕ್ಕೆ 95 ಸಲ ಸರಿ ಅಂತ ತಿಳಿಯಬೇಡಿ. ಅದು ಸಾಫ್ಟ್‌ವೇರಿನ ಆತ್ಮವಿಶ್ವಾಸ ಅಷ್ಟೇ. ಪೂರ್ತಿ ವಿಶ್ವಾಸದಿಂದ ತಪ್ಪು ಓದುವುದೂ ಉಂಟು. ಆದರೂ ಕಡಿಮೆ ಅಂಕಿ ಬಂದ ಜಾಗದಲ್ಲಿ ತಪ್ಪು ಜಾಸ್ತಿ ಇರುತ್ತದೆ ಅನ್ನುವುದಂತೂ ನಿಜ. ಹಾಗಾಗಿ ಲೆಕ್ಕ ಹೊಂದದವು, ಪಟ್ಟಿಗೆ ಸಿಗದವು, ವಿಶ್ವಾಸ ಕಡಿಮೆ ಇರುವವು ಇಷ್ಟನ್ನು ಬೇರೆ ತೆಗೆದು ಜನರಿಗೆ ತೋರಿಸಿ. ಉಳಿದದ್ದು ನೇರವಾಗಿ ಹೋಗಲಿ.

ಪರಿಶೀಲಿಸುವವರ ಮುಂದೆ ಕಾಗದದ ತುಣುಕಿನ ಚಿತ್ರವನ್ನೂ ಓದಿದ ಅಂಕಿಯನ್ನೂ ಒಟ್ಟಿಗೆ ಇಟ್ಟರೆ ಕೆಲಸ ಬೇಗ ಆಗುತ್ತದೆ. ಆದರೆ ನೂರಿನ್ನೂರು ನೋಡಿದ ಮೇಲೆ ಕೈ ತಾನಾಗಿ ಸರಿ ಅಂತ ಒತ್ತುತ್ತಾ ಹೋಗುತ್ತದೆ. ಅದು ಸೋಮಾರಿತನವಲ್ಲ, ಮನುಷ್ಯನ ಕಣ್ಣು ಕೆಲಸ ಮಾಡುವ ರೀತಿಯೇ ಹಾಗೆ. ಒಟ್ಟು ಮೊತ್ತದಂಥ ಮುಖ್ಯ ಜಾಗಗಳಲ್ಲಿ ಯಂತ್ರ ಓದಿದ್ದನ್ನು ಮುಚ್ಚಿಟ್ಟು, ಚಿತ್ರ ಮಾತ್ರ ತೋರಿಸಿ ಟೈಪ್ ಮಾಡಿಸಿ. ಎರಡೂ ಹೊಂದಿದರೆ ಮುಂದೆ ಕಳಿಸಿ.

ಚಿತ್ರ ಕೊಟ್ಟರೆ ನೇರವಾಗಿ ಉತ್ತರ ಬರೆಯುವ ಹೊಸ ಎಐ ಮಾದರಿಗಳ ಬಗ್ಗೆ ನೀವು ಕೇಳಿಲ್ಲ. ಆದರೆ ಸ್ಕ್ಯಾನಿಂಗಿನವರು ಖಂಡಿತ ಹೇಳುತ್ತಾರೆ. ಗೋಜಲಾದ ವಿನ್ಯಾಸ, ಓರೆ ಫೋಟೊ, ಕೈಬರಹ ಇವನ್ನೆಲ್ಲ ಅವು ಹಳೆಯ ಒಸಿಆರ್‌ಗಿಂತ ಚೆನ್ನಾಗಿ ನಿಭಾಯಿಸುವುದನ್ನು ನಾನು ಸಂತೋಷದಿಂದ ಒಪ್ಪುತ್ತೇನೆ. ಆದರೆ ಅವುಗಳ ತಪ್ಪಿನ ಬಗೆ ಬೇರೆ. ಹಳೆಯ ಒಸಿಆರ್ ಓದಲಾಗದಿದ್ದರೆ ಕಸದಂಥ ಅಕ್ಷರ ಉಗುಳುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಇವು ಓದಲಾಗದ ಜಾಗವನ್ನು ನಂಬುವಂಥ ಅಂಕಿಯಿಂದ ತುಂಬಿಬಿಡಬಹುದು. ಇಲ್ಲದ ಸಾಲನ್ನೇ ಸೇರಿಸಬಹುದು. ಆ ಅಂಕಿ ಪುಟದ ಯಾವ ಜಾಗದಿಂದ ಬಂತು ಅಂತ ತೋರಿಸದ ವ್ಯವಸ್ಥೆಯನ್ನು ಲೆಕ್ಕದ ಕೆಲಸಕ್ಕೆ ಒಪ್ಪಬೇಡಿ. ಕಾಗದಗಳು ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತವೆಯೋ, ಬೇರೆಯವರ ಸರ್ವರಿಗೆ ಹೋಗುತ್ತವೆಯೋ ಅನ್ನುವುದನ್ನೂ ಬರಹದಲ್ಲಿ ಕೇಳಿ ಪಡೆಯಿರಿ. ಬಿಲ್ಲಿನಲ್ಲಿ ನಿಮ್ಮ ದರಗಳಿವೆ, ಒಪ್ಪಂದದಲ್ಲಿ ಬೇರೆಯವರ ಗುಟ್ಟೂ ಇರುತ್ತದೆ.

ಕೆಲಸ ಒಪ್ಪಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಕಪಾಟಿನಿಂದ 200 ಕಾಗದ ತೆಗೆಯಿರಿ. ಚೆನ್ನಾಗಿರುವವನ್ನೇ ಆರಿಸಬೇಡಿ. ಮಾಸಿದ್ದು, ಸೀಲ್ ಬಿದ್ದದ್ದು, ಕನ್ನಡದ್ದು, ಕಾರ್ಬನ್ ಪ್ರತಿ ಎಲ್ಲ ಅವು ಇರುವ ಪ್ರಮಾಣದಲ್ಲೇ ಬರಲಿ. ಅದರಲ್ಲಿ ಬೇಕಾದ ಅಂಕಿ, ಹೆಸರುಗಳನ್ನು ನಿಮ್ಮವರೇ ಇಬ್ಬರು ಬೇರೆ ಬೇರೆಯಾಗಿ ಟೈಪ್ ಮಾಡಲಿ. ವ್ಯತ್ಯಾಸ ಬಂದಲ್ಲಿ ಕಾಗದ ನೋಡಿ ಸರಿ ಮಾಡಿ. ಇದು ನಿಮ್ಮ ಅಳತೆಗೋಲು, ಯಾರಿಗೂ ಕೊಡಬೇಡಿ. ಸ್ಕ್ಯಾನಿಂಗಿನವರಿಗೆ ಕಾಗದ ಮಾತ್ರ ಕೊಡಿ. ಅವರು ಕೊಟ್ಟದ್ದನ್ನು ಇದರ ಜೊತೆ ಹೋಲಿಸಿ. ಬಿಲ್ ನಂಬರ್ ಎಷ್ಟು ಸರಿ, ಒಟ್ಟು ಮೊತ್ತ ಎಷ್ಟು ಸರಿ ಅಂತ ಬೇರೆ ಬೇರೆ ಎಣಿಸಿ. ತಪ್ಪಾದದ್ದರಲ್ಲಿ ಎಷ್ಟನ್ನು ಅವರ ಪರಿಶೀಲನೆಯೇ ಹಿಡಿದಿತ್ತು ಅಂತಲೂ ನೋಡಿ. ತಪ್ಪು ಎಷ್ಟು ಅನ್ನುವುದಕ್ಕಿಂತ, ಹಿಡಿಯದೆ ಬಿಟ್ಟ ತಪ್ಪು ಎಷ್ಟು ಅನ್ನುವುದೇ ನನ್ನ ಪ್ರಕಾರ ಮುಖ್ಯ. ಒಪ್ಪಂದದಲ್ಲಿ ಬರೆಯಬೇಕಾದದ್ದೂ ಆ ಅಂಕಿಯನ್ನೇ.

ಕಾಗದ ಬಿಸಾಡುವ ಪ್ರಶ್ನೆ. ಯಾವ ದಾಖಲೆಯನ್ನು ಎಷ್ಟು ವರ್ಷ ಇಡಬೇಕು, ಸ್ಕ್ಯಾನ್ ಪ್ರತಿ ಸಾಕೇ ಅನ್ನುವುದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು. ನಿಮ್ಮ ಲೆಕ್ಕ ಪರಿಶೋಧಕರನ್ನೂ ವಕೀಲರನ್ನೂ ಕೇಳದೆ ಒಂದು ಹಾಳೆಯನ್ನೂ ಹರಿಯಬೇಡಿ. ಮೂಲ ಸಹಿ, ಮುದ್ರೆ ಇರುವ ಒಪ್ಪಂದಗಳನ್ನು ಹೇಗಿದ್ದರೂ ಉಳಿಸಿಕೊಳ್ಳಿ. ಉಳಿದದ್ದರಲ್ಲಿ ಪ್ರತಿ ಪೆಟ್ಟಿಗೆಗೂ ಒಂದು ನಂಬರ್ ಕೊಟ್ಟು, ಆ ನಂಬರನ್ನು ಫೈಲಿನ ಹೆಸರಿನಲ್ಲೂ ಸೇರಿಸಿ. ಯಾವುದಾದರೂ ಅಂಕಿಯ ಬಗ್ಗೆ ಅನುಮಾನ ಬಂದರೆ ಕಾಗದ ಎರಡು ನಿಮಿಷದಲ್ಲಿ ಕೈಗೆ ಸಿಗಬೇಕು. ಪೆಟ್ಟಿಗೆ ನಾಶ ಮಾಡುವ ಮುಂಚೆ ಅದರ ಹಾಳೆ ಎಣಿಸಿ, ಸ್ಕ್ಯಾನಿನ ಎಣಿಕೆಗೆ ಹೋಲಿಸಿ. ಫೀಡರಿನಲ್ಲಿ ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ಹೋಗುವುದು ಮಾಮೂಲು. ಹಾಗೆ ತಪ್ಪಿದ ಹಾಳೆ ಇದೆ ಅಂತ ಒಸಿಆರ್‌ಗೆ ಗೊತ್ತೇ ಆಗುವುದಿಲ್ಲ.

ಚಿತ್ರಗಳನ್ನು ಪಿಡಿಎಫ್/ಎ ರೂಪದಲ್ಲಿ ಇಡಿ. ದೀರ್ಘಕಾಲ ಉಳಿಸುವುದಕ್ಕೆಂದೇ 2005ರಲ್ಲಿ ಬಂದ ಅಂತರರಾಷ್ಟ್ರೀಯ ಮಾನಕ ಅದು. ಎರಡು ಬೇರೆ ಜಾಗಗಳಲ್ಲಿ ಪ್ರತಿ ಇರಲಿ. ಓದಿದ ಪಠ್ಯ ಕೈಗೆ ಬಂತು ಅಂತ ಚಿತ್ರ ಅಳಿಸಬೇಡಿ. ಇಂದು ಸರಿಯಾಗಿ ಓದದ ಕನ್ನಡ ಪುಟಗಳನ್ನು ಮುಂದೆ ಬರುವ ಸಾಫ್ಟ್‌ವೇರಿಗೆ ಮತ್ತೆ ಕೊಡಬಹುದು. ಅದಕ್ಕೆ ಕಾಗದವನ್ನು ಮತ್ತೆ ಮುಟ್ಟಬೇಕಾಗಿಲ್ಲ, ಚಿತ್ರ ಚೆನ್ನಾಗಿದ್ದರೆ ಸಾಕು.